ಆಯುಕ್ತರ ಕುರ್ಚಿ, ನ್ಯಾಯಾಧೀಶರ ಕೆಲಸ



ಅಡಿಕೆ ಕೊನೆ ಇಳಿಸುವ ಕೊನೆಗೌಡ ಮರದಿಂದ ಬಿದ್ದರೆ ನಮ್ಮ ಇಕ್ಕೇರಿ ಸೀಮೆಯಲ್ಲಿ ಮೊದಲು ಆಸ್ಪತ್ರೆ, ಆಮೇಲೆ ‘ಏನಾದರೂ ಕೊಟ್ಟು ಮುಗಿಸಿ’ ಎಂಬ ಪಂಚಾಯಿತಿಕೆ. ಇಂಥ ವ್ಯಾಜ್ಯಕ್ಕೆಂದೇ 1923ರ ಕಾರ್ಮಿಕರ ಪರಿಹಾರ ಕಾಯ್ದೆ ಒಬ್ಬ ಆಯುಕ್ತರನ್ನು ಕೂರಿಸಿತು. ಮರ ಹತ್ತುವ ಕೆಲಸ ಕಾಯ್ದೆಯ ಪಟ್ಟಿಗೆ ಸೇರುತ್ತದೋ, ಮಾಲೀಕರು ತೋಟದವರೋ ಫಸಲು ಗುತ್ತಿಗೆ ಹಿಡಿದ ಚೇಣಿದಾರರೋ, ಕೂಲಿ ಎಷ್ಟಿತ್ತು ಎಂಬುದನ್ನೆಲ್ಲ ಅವರೇ ತೀರ್ಮಾನಿಸಬೇಕಿತ್ತು.

ಅವರು ನ್ಯಾಯಾಧೀಶರೇ? ಬಹುಕಾಲ ಆ ಕುರ್ಚಿಯಲ್ಲಿದ್ದವರು ಕಾರ್ಮಿಕ ಇಲಾಖೆಯ ಅಧಿಕಾರಿಗಳು. ಸರ್ಕಾರ ಎತ್ತಂಗಡಿ ಮಾಡಬಹುದಾದ ನೌಕರರು. ಆದರೂ ಸಾಕ್ಷಿ ಕರೆಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿತ್ತು. ಅವರ ಮುಂದಿನ ವಿಷಯಕ್ಕೆ ಸಿವಿಲ್ ನ್ಯಾಯಾಲಯ ಕೈಹಾಕುವಂತಿರಲಿಲ್ಲ. ಮೇಲ್ಮನವಿ ಹೈಕೋರ್ಟಿಗೆ, ಅದೂ ಗಣನೀಯ ಕಾನೂನು ಪ್ರಶ್ನೆಯಿದ್ದರೆ ಮಾತ್ರ. ಅಂದರೆ ಸಂಗತಿಯ ಬಗ್ಗೆ ಅವರು ಬರೆದದ್ದು ಹೆಚ್ಚುಕಡಿಮೆ ಕೊನೆಯ ಮಾತು.

ಒರಿಸ್ಸಾದ ಪ್ರಕರಣ ನೋಡಿ. 1968ರಲ್ಲಿ ಚಿತ್ರಮಂದಿರದ ಅಲಂಕಾರದ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬ ಬಿದ್ದು, ಎಡಗೈಯನ್ನು ಮೊಣಕೈ ಮೇಲಿಂದ ಕತ್ತರಿಸಬೇಕಾಯಿತು. ಕೈ ಕಳೆದುಕೊಂಡವನಿಗೆ ಕಾಯ್ದೆಯ ಅನುಸೂಚಿಯಲ್ಲಿ ಶೇಕಡಾ ಇಂತಿಷ್ಟು ನಷ್ಟ ಎಂಬ ಸಿದ್ಧ ಲೆಕ್ಕವಿತ್ತು. ಆಯುಕ್ತರು ಅದನ್ನು ಬದಿಗಿಟ್ಟರು: ಒಂದೇ ಕೈಯಲ್ಲಿ ಬಡಗಿ ಕೆಲಸ ಆಗದು, ಆದ್ದರಿಂದ ನಷ್ಟ ಪೂರ್ತಿ. ಮಾಲೀಕರು ಸುಪ್ರೀಂ ಕೋರ್ಟಿನವರೆಗೆ ಹೋದರೂ 1975ರ ಡಿಸೆಂಬರ್‌ನಲ್ಲಿ ಆ ಮಾತೇ ನಿಂತಿತು. ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣವೆಂದು ವಕೀಲರು ಈಗಲೂ ಅದನ್ನೇ ಓದುತ್ತಾರೆ.

ಇಷ್ಟು ತೂಕದ ಕುರ್ಚಿ ಇಲಾಖೆಯ ಅಡಿಯಲ್ಲಿರಬಾರದು ಎಂಬುದು ನನ್ನ ನಿಲುವು. ಕರ್ನಾಟಕ ಈ ಕೆಲಸವನ್ನು ಹಿರಿಯ ಸಿವಿಲ್ ನ್ಯಾಯಾಧೀಶರಿಗೆ ಒಪ್ಪಿಸಿದ್ದು ಸರಿಯೇ. ಹಾಗೆಂದು ಎಲ್ಲ ಲಾಭವೇ ಅಲ್ಲ. ಕೋರ್ಟಿನ ಮೆಟ್ಟಿಲೆಂದರೆ ಕೂಲಿಯವರಿಗೆ ಅಳುಕು, ಮೂರು ತಿಂಗಳಲ್ಲಿ ಮುಗಿಸಬೇಕೆಂಬ ನಿಯಮವೂ ವಾಯಿದೆಗಳ ನಡುವೆ ಸೊರಗುತ್ತದೆ.

2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ಆಯುಕ್ತರು ‘ಸಮರ್ಥ ಪ್ರಾಧಿಕಾರ’ವಾದರು. ಐದು ವರ್ಷದ ಅನುಭವವಿರುವ ನ್ಯಾಯಾಂಗದವರು, ವಕೀಲರು, ನಿಗದಿತ ಅರ್ಹತೆಯ ಗೆಜೆಟೆಡ್ ಅಧಿಕಾರಿಗಳು, ಯಾರನ್ನಾದರೂ ಸರ್ಕಾರ ಅಲ್ಲಿ ಕೂರಿಸಬಹುದು. ನ್ಯಾಯಾಧೀಶರನ್ನೇ ಉಳಿಸಿ ಎಂದು ನಾವು ಕೇಳಬೇಕು. ತೋಟದವರು ಕೂಲಿಯ ಲೆಕ್ಕ ಬರೆದಿಡಿ. ಬಿದ್ದವರ ಮನೆಯವರು ಎರಡು ವರ್ಷ ದಾಟುವ ಮೊದಲು ಅರ್ಜಿ ಹಾಕಿ.