ಕೈ ತೋರಿಸಿದರೂ ಬಸ್ಸು ನಿಲ್ಲದಿದ್ದರೆ



ಕಡೂರು, ತರೀಕೆರೆ, ಅಜ್ಜಂಪುರದ ಸುತ್ತಿನ ಹಳ್ಳಿಗಳಿಂದ ಬಂದಿದ್ದೀರಿ. ಬಹಳ ಜನ ಬಸ್ಸಿನಲ್ಲೇ ಬಂದಿದ್ದೀರಿ. ಇವತ್ತು ಬಸ್ಸಿನ ಮಾತನ್ನೇ ಆಡೋಣ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಕರ್ನಾಟಕದ ಹೆಣ್ಣುಮಕ್ಕಳು ರಾಜ್ಯದೊಳಗೆ ಸರ್ಕಾರಿ ಕೆಂಪು ಬಸ್ಸಿನಲ್ಲಿ ದುಡ್ಡು ಕೊಡಬೇಕಿಲ್ಲ. ಗುರುತಿನ ಚೀಟಿ ತೋರಿಸಬೇಕು. ಕಂಡಕ್ಟರ್ ಶೂನ್ಯ ಟಿಕೆಟ್ ಕೊಡುತ್ತಾರೆ. ಕೂಲಿಗೆ, ಸಂತೆಗೆ, ಆಸ್ಪತ್ರೆಗೆ ಹೋಗೋರಿಗೆ ಎಷ್ಟೋ ಅನುಕೂಲ ಆಯಿತು.

ಆದರೆ ಒಂದು ದೂರು ಅಲ್ಲಲ್ಲಿ ಕೇಳಿಬರುತ್ತದೆ. ಸ್ಟಾಪಿನಲ್ಲಿ ಬರೀ ಹೆಂಗಸರು ನಿಂತಿದ್ದರೆ ಕೆಲವರು ಬಸ್ಸು ನಿಲ್ಲಿಸಲ್ಲ. ಹತ್ತಿದರೆ, "ಪುಕ್ಕಟೆ ಬರೋರಿಗೆ ಸೀಟು ಬೇರೆ ಬೇಕಾ?" ಅಂತ ಮಾತು. ನಾವು ತಲೆ ತಗ್ಗಿಸುತ್ತೇವೆ. "ದುಡ್ಡು ಕೊಟ್ಟಿಲ್ಲವಲ್ಲ, ಹೆಂಗೆ ಕೇಳೋದು?" ಅಂದುಕೊಳ್ಳುತ್ತೇವೆ.

ಇಲ್ಲಿ ಒಂದು ವಿಷಯ ತಿಳಿಯಿರಿ. ನಿಮ್ಮ ಟಿಕೆಟು ಪುಕ್ಕಟೆ ಅಲ್ಲ. ಶೂನ್ಯ ಟಿಕೆಟಿನ ಲೆಕ್ಕ ಹಿಡಿದು ಸರ್ಕಾರ ಸಾರಿಗೆ ನಿಗಮಕ್ಕೆ ಹಣ ಕೊಡಬೇಕು. ಸರ್ಕಾರಕ್ಕೆ ಹಣ ಎಲ್ಲಿಂದ ಬಂತು? ನೀವು ಕೊಳ್ಳುವ ಸೋಪು, ಎಣ್ಣೆ, ಬಟ್ಟೆ ಎಲ್ಲದರಲ್ಲೂ ತೆರಿಗೆ ಸೇರಿದೆ. ಅದಕ್ಕೇ ಟಿಕೆಟು ಕೇಳಿ ಪಡೆಯಿರಿ. ಬಸ್ಸು ಯಾರ ದಯೆಯೂ ಅಲ್ಲ.

ಹಾಗಂತ ಜಗಳ ಬೇಡ. ಬಸ್ಸು ತುಂಬಿದ್ದರೆ ಡ್ರೈವರ್ ತಾನೆ ಏನು ಮಾಡಿಯಾರು? ಆಗ ಬಸ್ಸು ಸಾಲದು ಎಂದೇ ಅರ್ಜಿ ಬರೆಯಿರಿ. ಜಾಗ ಇದ್ದೂ ನಿಲ್ಲಿಸದಿದ್ದರೆ ಅದನ್ನು ಬರೆಯಿರಿ.

ನಿಮಗೀಗ ಅಕ್ಷರ ಬಂದಿದೆ. ಬಾಯಿಮಾತು ಗಾಳಿಗೆ ಹೋಗುತ್ತದೆ. ಬರೆದದ್ದು ಉಳಿಯುತ್ತದೆ. ತಾರೀಖು, ಹೊತ್ತು, ಸ್ಟಾಪು, ಬಸ್ಸಿನ ನಂಬರ್ ಬರೆದಿಟ್ಟುಕೊಳ್ಳಿ. ನಂಬರ್ ಕಾಣದಿದ್ದರೆ ಎಲ್ಲಿಂದ ಎಲ್ಲಿಗೆ ಹೋಗುವ ಬಸ್ಸು ಎಂದು ಬರೆಯಿರಿ. ಆಮೇಲೆ ಅರ್ಜಿ ಹೀಗಿರಲಿ:

"ಡಿಪೋ ಮ್ಯಾನೇಜರ್ ಅವರಿಗೆ,
ಇಂಥ ತಾರೀಖು ಬೆಳಿಗ್ಗೆ 8 ಗಂಟೆಗೆ ತರೀಕೆರೆಗೆ ಹೋಗುವ ಬಸ್ಸು ನಮ್ಮ ಸ್ಟಾಪಿನಲ್ಲಿ ನಿಲ್ಲಲಿಲ್ಲ. ಒಳಗೆ ಜಾಗ ಇತ್ತು. ನಾವು ಆರು ಜನ ಆ ದಿನದ ಕೂಲಿ ಕಳೆದುಕೊಂಡೆವು. ಮುಂದೆ ಬಸ್ಸು ನಿಲ್ಲಿಸುವಂತೆ ಹೇಳಬೇಕು."

ಕೆಳಗೆ ಊರಿನ ಹೆಸರು ಬರೆಯಿರಿ. ಆರು ಜನರೂ ಸಹಿ ಹಾಕಿ. ಅರ್ಜಿ ಎರಡು ಪ್ರತಿ ಇರಲಿ. ಒಂದನ್ನು ಡಿಪೋದಲ್ಲಿ ಕೊಡಿ. ಇನ್ನೊಂದರ ಮೇಲೆ ಸೀಲು, ಸಹಿ ಹಾಕಿಸಿಕೊಂಡು ಜೋಪಾನ ಮಾಡಿ. ಕೆಲಸ ಆಗದಿದ್ದರೆ ಚಿಕ್ಕಮಗಳೂರಿನ ವಿಭಾಗದ ಕಚೇರಿಗೆ ಬರೆಯಿರಿ.

ದುಡ್ಡು ಕೊಟ್ಟು ಕೊಂಡ ಸಾಮಾನಿಗೂ ಇದೇ ದಾರಿ. ರಸೀದಿ ಕೇಳಿ. ಪೊಟ್ಟಣದ ಮೇಲಿನ ಬೆಲೆ ಓದಿ. ಅದಕ್ಕಿಂತ ಹೆಚ್ಚು ಕೇಳಿದರೆ ಕೊಡಬೇಡಿ. ಮೋಸವಾದರೆ 1915ಕ್ಕೆ ಫೋನ್ ಮಾಡಿ. ಅದು ಗ್ರಾಹಕರ ಸಹಾಯವಾಣಿ. ಚಿಕ್ಕಮಗಳೂರಿನಲ್ಲಿ ಜಿಲ್ಲಾ ಗ್ರಾಹಕರ ಆಯೋಗವೂ ಇದೆ. ಎರಡು ವರ್ಷದೊಳಗೆ ದೂರು ಕೊಡಬೇಕು. ವಕೀಲರು ಇರಲೇಬೇಕು ಅಂತಿಲ್ಲ. 5 ಲಕ್ಷ ರೂಪಾಯಿವರೆಗಿನ ಸಾಮಾನಿನ ದೂರಿಗೆ ಶುಲ್ಕವೂ ಇಲ್ಲ.

ಅಳದ ಕೂಸಿಗೆ ತಾಯಿಯೂ ಹಾಲು ಕೊಡಲ್ಲ ಅಂತಾರೆ. ನಾವು ಅಳೋದು ಬೇಡ, ಬರೆಯೋಣ. ಮೇಲಿನ ಅರ್ಜಿಯನ್ನು ಇವತ್ತೇ ಒಮ್ಮೆ ಬರೆದು ಅಭ್ಯಾಸ ಮಾಡಿ. ಪಕ್ಕದ ಮನೆಯವರಿಗೂ ಓದಿ ಹೇಳಿ.