ಏರಿಯಲ್ಲಿನಿಂದ ಮರಳುವ ಶಕ್ತಿ



ಹವ್ಯಾಸಕ್ಕಾಗಿ ರೇಡಿಯೋ ಪ್ರಸಾರವನ್ನು ಕೈಕೊಂಡವರ ಮೇಜಿನ ಮೇಲೆ, ಪ್ರಸಾರಯಂತ್ರದ ಪಕ್ಕದಲ್ಲಿ, ಒಂದು ಸಣ್ಣ ಮೀಟರು ಇರುವುದುಂಟು. ಅದರ ಮುಳ್ಳು 1 ಎಂಬ ಗುರುತಿನ ಬಳಿ ನಿಂತಿತೆಂದರೆ ಅವರಿಗೆ ಪರಮ ಸಂತೋಷ. ಆ ಸಂತೋಷವು ಎಷ್ಟರ ಮಟ್ಟಿಗೆ ಸಕಾರಣವಾದುದು ಎಂಬುದೇ ಈ ಹೊತ್ತಿನ ವಿಚಾರ.

ಯಂತ್ರದಲ್ಲಿ ಹುಟ್ಟಿದ ಶಕ್ತಿಯು ಕೇಬಲ್ಲಿನ ಮೂಲಕ ಏರಿಯಲ್ಲಿಗೆ ಹೋಗುತ್ತದೆ. ಏರಿಯಲ್ಲು ಕೇಬಲ್ಲಿಗೆ ಹೊಂದಿಕೊಳ್ಳದಿದ್ದರೆ, ಅದರಲ್ಲಿ ಒಂದು ಪಾಲು, ಕಟ್ಟೆಗೆ ಬಡಿದ ಕೆರೆಯ ಅಲೆಯಂತೆ, ಹಿಂದಿರುಗುತ್ತದೆ. ಹೋಗುವ ಅಲೆಯೂ ಬರುವ ಅಲೆಯೂ ಕೂಡಿಕೊಂಡು, ಕೇಬಲ್ಲಿನ ಉದ್ದಕ್ಕೂ ವೋಲ್ಟೇಜು ಕೆಲವೆಡೆ ಹೆಚ್ಚಾಗಿಯೂ ಕೆಲವೆಡೆ ಕಡಮೆಯಾಗಿಯೂ ಇರುತ್ತದೆ. ಇದೇ ಸ್ಥಾಯೀ ತರಂಗ. ಅತ್ಯಧಿಕ ವೋಲ್ಟೇಜನ್ನು ಅತ್ಯಲ್ಪ ವೋಲ್ಟೇಜಿನಿಂದ ಭಾಗಿಸಿದರೆ ಸ್ಥಾಯೀ ತರಂಗದ ಅನುಪಾತವು ದೊರೆಯುತ್ತದೆ. 1890ರ ಸುಮಾರಿನಲ್ಲಿ ಆಸ್ಟ್ರಿಯದ ಅರ್ನ್ಸ್ಟ್ ಲೆಖರ್ ಎಂಬ ವಿಜ್ಞಾನಿಯು ಎರಡು ಸಮಾನಾಂತರ ತಂತಿಗಳ ಮೇಲೆ ಇಂಥ ಏರುತಗ್ಗುಗಳನ್ನು ಹುಡುಕಿ ಅಲೆಯ ಉದ್ದವನ್ನು ಅಳೆದನು. ಈಗಿನ ಮೀಟರಿಗೆ ಆ ಶ್ರಮವಿಲ್ಲ. ಕುಳಿತಲ್ಲಿಯೇ ಹೋಗುವ ಶಕ್ತಿಯನ್ನೂ ಬರುವ ಶಕ್ತಿಯನ್ನೂ ಬೇರೆಬೇರೆಯಾಗಿ ತೋರಿಸುತ್ತದೆ.

100 ವ್ಯಾಟು ಹೋಗಿ 4 ವ್ಯಾಟು ಮರಳಿದರೆ ಅನುಪಾತವು 1.5, 25 ಮರಳಿದರೆ 3. ನೆಲದಿಂದ ಬಹುದೂರವಿರುವ ಅರ್ಧತರಂಗದ ಏರಿಯಲ್ಲಿನ ರೋಧವು ಸುಮಾರು 73 ಓಮು. ಅದನ್ನು 50 ಓಮಿನ ಕೇಬಲ್ಲಿಗೆ ಸೇರಿಸಿದರೆ ಅನುಪಾತವು ಹೆಚ್ಚುಕಡಮೆ 1.5 ಆಗಲೇಬೇಕು. ನೂರರಲ್ಲಿ ನಾಲ್ಕರ ಈ ಕೊರತೆಯನ್ನು ಕೇಳುವವರ ಕಿವಿಯು ಗುರುತಿಸಲಾರದು. ಇದನ್ನು ನೀಗಿಸಲೆಂದು ತಂತಿಯನ್ನು ಅಂಗುಲ ಅಂಗುಲವಾಗಿ ಕತ್ತರಿಸುತ್ತ ದಿನ ಕಳೆಯುವುದು ವ್ಯರ್ಥವೇ ಸರಿ. 2ನ್ನು ಮೀರಿದರೆ ಮಾತು ಬೇರೆ. ಆಗ ಈಗಿನ ಟ್ರಾನ್ಸಿಸ್ಟರು ಯಂತ್ರಗಳಲ್ಲಿ ಅನೇಕವು ಆತ್ಮರಕ್ಷಣೆಗಾಗಿ ತಾವೇ ಶಕ್ತಿಯನ್ನು ತಗ್ಗಿಸಿಕೊಳ್ಳುತ್ತವೆ.

ನಿಜವಾದ ಅಪಾಯವಿರುವುದು ಮುಳ್ಳು ಚೆನ್ನಾಗಿ ನಿಂತಾಗಲೇ. ಹಳೆಯ ಕೇಬಲ್ಲೊಂದು ತನ್ನಲ್ಲಿ ಹಾಯುವ ಶಕ್ತಿಯ ಮುಕ್ಕಾಲು ಪಾಲನ್ನು ದಾರಿಯಲ್ಲಿಯೇ ಶಾಖವಾಗಿ ನುಂಗುತ್ತದೆ ಎನ್ನೋಣ. ಮೇಲೆ ಏರಿಯಲ್ಲು ಕಳಚಿಹೋಗಿದೆ. ಕಳುಹಿಸಿದ 100 ವ್ಯಾಟಿನಲ್ಲಿ 25 ಮಾತ್ರ ತುದಿಯನ್ನು ಮುಟ್ಟುತ್ತದೆ. ಅದಷ್ಟೂ ಹಿಂದಿರುಗುತ್ತದೆ. ಬರುವ ದಾರಿಯಲ್ಲಿ ಮತ್ತೆ ಮುಕ್ಕಾಲು ಕಳೆದು, ಮೀಟರಿಗೆ ಬಂದು ಸೇರುವುದು 6 ವ್ಯಾಟಿಗಿಂತ ತುಸು ಹೆಚ್ಚು. ಆಗ ಮುಳ್ಳು ತೋರಿಸುವ ಅನುಪಾತ 1.7! ಏರಿಯಲ್ಲೇ ಇಲ್ಲದ ಪ್ರಸಾರಕ್ಕೆ ಮೀಟರಿನಿಂದ ಪ್ರಶಸ್ತಿಪತ್ರ.

ಇದು ಬರಿಯ ವಿನೋದದ ಮಾತಲ್ಲ. 2004ರ ಡಿಸೆಂಬರಿನಲ್ಲಿ ಸುನಾಮಿಯು ಅಂಡಮಾನನ್ನು ಬಡಿದಾಗ, ಪೋರ್ಟ್ ಬ್ಲೇರಿನಲ್ಲಿದ್ದ ಹವ್ಯಾಸಿಗಳ ಯಂತ್ರಗಳು ಎಷ್ಟೋ ಮನೆಗಳಿಗೆ ತಮ್ಮವರ ಸುದ್ದಿಯನ್ನು ಮುಟ್ಟಿಸಿದವು. ಅಂಥ ಸಮಯದಲ್ಲಿ ಬೇಕಾಗುವುದು ಆಕಾಶಕ್ಕೆ ಸೇರುವ ಶಕ್ತಿಯೇ ಹೊರತು ಮುಳ್ಳಿನ ಶಿಸ್ತಲ್ಲ.

ಆದುದರಿಂದ ಶಕ್ತಿಯನ್ನೂ ಅಳೆಯತಕ್ಕದ್ದು. ಏರಿಯಲ್ಲಿಗೆ ಬದಲಾಗಿ, ಆ ಶಕ್ತಿಯನ್ನು ತಾಳಬಲ್ಲ 50 ಓಮಿನ ರೋಧವೊಂದನ್ನು ಯಂತ್ರಕ್ಕೆ ಜೋಡಿಸಬೇಕು. ಸುರುಳಿ ಸುತ್ತಿದ ತಂತಿಯ ರೋಧ ಇಲ್ಲಿ ಸಲ್ಲದು. ಅದರ ಮೇಲಿನ ವೋಲ್ಟೇಜಿನ ಶಿಖರವು 100 ಆಗಿದ್ದರೆ ಶಕ್ತಿಯು 100 ವ್ಯಾಟು. ಅನಂತರ ಅದೇ ರೋಧವನ್ನು ಕೇಬಲ್ಲಿನ ಆಚೆಯ ತುದಿಗೆ ಕಟ್ಟಿ ಮತ್ತೆ ಅಳೆದರೆ, ಎರಡು ಅಳತೆಗಳ ವ್ಯತ್ಯಾಸವೇ ಕೇಬಲ್ಲು ತಿಂದ ಪಾಲು. ಮಳೆಗಾಲ ಕಳೆದ ಮೇಲೆ ಈ ಪರೀಕ್ಷೆಯನ್ನು ಇನ್ನೊಮ್ಮೆ ಮಾಡುವುದು ಲೇಸು. ಕೇಬಲ್ಲಿನೊಳಕ್ಕೆ ನೀರು ಹೊಕ್ಕಾಗ ಮುಳ್ಳು ಮೊದಲಿಗಿಂತಲೂ ಚೆನ್ನಾಗಿ ನಿಲ್ಲುವುದುಂಟು.