ಹುಲ್ಲಿಗೆ ಮಳೆ ಯಾವಾಗ ಬೇಕು?



ಬಿದಿರು ಮರವಲ್ಲ, ಹುಲ್ಲು. ಭತ್ತ, ಜೋಳ, ಕಬ್ಬು, ಗರಿಕೆಗಳ ಕುಟುಂಬಕ್ಕೇ ಸೇರಿದ್ದು. ಹುಲ್ಲಿನ ಬೆಳವಣಿಗೆಯನ್ನು ಕ್ಯಾಮೆರಾದಲ್ಲಿ ತೋರಿಸುವುದು ನಮಗೆ ಬಲು ಕಷ್ಟ. ಆದರೆ ಒಳ್ಳೆಯ ಮಳೆಗಾಲದಲ್ಲಿ ಬಿದಿರಿನ ಕಳಲೆ ಒಂದೇ ದಿನಕ್ಕೆ ಒಂದಡಿ ಏರಬಲ್ಲದು. ಆದ್ದರಿಂದ ಇಂದಿನ ಮಾತಿಗೆ ಬಿದಿರನ್ನೇ ಆರಿಸಿಕೊಂಡಿದ್ದೇನೆ.

ಉತ್ತರ ಕನ್ನಡ ಜಿಲ್ಲೆಯ ನಕ್ಷೆ ನೋಡಿ. ಜೋಯಿಡಾ ಘಟ್ಟದ ನೆತ್ತಿಯಲ್ಲಿದೆ, ಅಲ್ಲಿ ಮಳೆ ಧಾರಾಳ. ದಾಂಡೇಲಿ ದಾಟಿ ಪೂರ್ವಕ್ಕೆ ಸರಿದಂತೆ ಮಳೆ ಬೇಗ ಇಳಿಯುತ್ತದೆ. ಹಳಿಯಾಳ, ಮುಂಡಗೋಡಗಳಲ್ಲಿ ಮಲೆನಾಡು ಬಯಲುಸೀಮೆಗೆ ಕೈಕೊಡುತ್ತದೆ. ತೇವವಿರುವ ಹಳ್ಳದ ದಂಡೆಗಳಲ್ಲಿ ಮುಳ್ಳಿನ ಹೆಬ್ಬಿದಿರು, ಒಣ ಇಳಿಜಾರುಗಳಲ್ಲಿ ಕಿರುಬಿದಿರು.

ಆದರೆ ಎಷ್ಟು ಮಳೆ ಬಿತ್ತು ಎಂಬುದಷ್ಟೇ ಲೆಕ್ಕವಲ್ಲ. ಬಿದಿರಿನ ನೆಲದೊಳಗಿನ ಗೆಡ್ಡೆ ಹಿಂದಿನ ವರ್ಷ ಎಲೆಗಳು ತಯಾರಿಸಿದ ಆಹಾರವನ್ನು ಕೂಡಿಟ್ಟಿರುತ್ತದೆ. ಮಣ್ಣು ನೆನೆದೊಡನೆ ಆ ಬಂಡವಾಳದಿಂದ ಕಳಲೆ ಹೊರಡುತ್ತದೆ. ಹೀಗೆ ಈ ವರ್ಷದ ಕಳಲೆಯಲ್ಲಿ ಹೋದ ವರ್ಷದ ಮಳೆಯೂ ಇದೆ! ಕೆಲವೇ ತಿಂಗಳಲ್ಲಿ ಗಳ ತನ್ನ ಪೂರ್ಣ ಎತ್ತರ ಮುಟ್ಟುತ್ತದೆ. ಆಮೇಲೆ ಅದು ದಪ್ಪವಾಗುವುದೂ ಇಲ್ಲ. ಆ ವಾರಗಳಲ್ಲಿ ಮಳೆ ಕೈಕೊಟ್ಟರೆ ನಂತರ ಸುರಿದ ಮಳೆ ನಷ್ಟ ತುಂಬಿಕೊಡಲಾರದು.

ಇನ್ನೊಂದು ಸಂಗತಿ. ಬಯಲಿನ ಹುಲ್ಲಿನ ಬೆಳೆಯುವ ಭಾಗ ನೆಲಕ್ಕೆ ಹತ್ತಿರವಿರುತ್ತದೆ. ದನ ಮೇಯ್ದರೂ ಅದು ಮತ್ತೆ ಚಿಗುರುತ್ತದೆ. ಕಳಲೆಯ ತುದಿಯನ್ನು ಕಡಿದರೆ ಅದು ಸಾಮಾನ್ಯವಾಗಿ ಗಳವಾಗುವುದಿಲ್ಲ. ಮುಳ್ಳುಹಂದಿ, ಮುಸಿಯ, ದನ, ಎಲ್ಲಕ್ಕೂ ಅದು ರುಚಿ.

ದಾಂಡೇಲಿಯ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ 1959ರಲ್ಲಿ ಉತ್ಪಾದನೆ ಆರಂಭಿಸಿತು. ಆಗ ಅದರ ಕಚ್ಚಾವಸ್ತು ಈ ಕಾಡಿನ ಬಿದಿರಾಗಿತ್ತು. ಬಿದಿರು ಕ್ಷೀಣಿಸುತ್ತ ಬಂದಾಗ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಎಸ್. ನರೇಂದ್ರ ಪ್ರಸಾದ್ ಅದರ ಅಧ್ಯಯನ ನಡೆಸಿದರು. ಹಿಂಡಿಲಿನ ಬುಡದಲ್ಲಿ ಹೆಣೆದುಕೊಂಡ ಮುಳ್ಳು ಬೆಳವಣಿಗೆಗೆ ಅಡ್ಡಿ ಎಂದು ತಿಳಿದು ಅರಣ್ಯ ಕೆಲಸದಲ್ಲಿ ಅದನ್ನು ಕಡಿದು ಹಸನು ಮಾಡುತ್ತಿದ್ದರು. ಆಗಿದ್ದೇನು? ಬೇಲಿ ಕಿತ್ತ ತೋಟದಂತೆ ಕಳಲೆಗಳು ಪ್ರಾಣಿಗಳ ಬಾಯಿಗೆ ಬಿದ್ದವು. ಸುತ್ತಲ ಹಳ್ಳಿಗರಿಗೆ ಇದು ಗೊತ್ತಿತ್ತು. ಅವರನ್ನು ಕೇಳಿದವರು ಕಡಿಮೆ. ಮಳೆ, ಮಣ್ಣು ಎರಡೂ ಸರಿಯಿದ್ದು ಮುಳ್ಳೊಂದಿಲ್ಲದೆ ಬೆಳೆ ಕೆಟ್ಟ ಉದಾಹರಣೆ ಪಠ್ಯಪುಸ್ತಕಗಳಲ್ಲಿ ಸಿಗುವುದು ವಿರಳ.

ಬೆಳಕಿನ ಮಾತೂ ಇದೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಟಿ, ಚುಕ್ಕೆ ಜಿಂಕೆಗಳಿಗೆ ಹುಲ್ಲೇ ಮುಖ್ಯ ಮೇವು. ಹುಲಿ ಅವುಗಳನ್ನು ನಂಬಿದೆ. ಲಂಟಾನಾ, ಯುಪಟೋರಿಯಂ ಕಳೆಗಳು ಮುಚ್ಚಿಕೊಂಡಲ್ಲಿ ಕಾಲಕ್ಕೆ ಸರಿಯಾಗಿ ಮಳೆ ಬಂದರೂ ಹುಲ್ಲು ಏಳದು.

ನೀವೇ ಪರೀಕ್ಷಿಸಿ. ತಳದಲ್ಲಿ ತೂತಿರುವ ಮೂರು ಎತ್ತರದ ಡಬ್ಬಿಗಳಿಗೆ ಒಂದೇ ಮಣ್ಣು ತುಂಬಿ, ಜೋಳ ಬಿತ್ತಿ. ಮೊಳಕೆ ಬಂದ ಮೇಲೆ ಮೊದಲನೆಯದಕ್ಕೆ ದಿನವೂ 100 ಮಿಲಿಲೀಟರ್ ನೀರು ಕೊಡಿ. ಎರಡನೆಯದಕ್ಕೆ ವಾರಕ್ಕೆ ಎರಡೇ ಸಲ, 350ರಂತೆ. ವಾರದ ಮೊತ್ತ ಎರಡಕ್ಕೂ 700. ಮೂರನೆಯದಕ್ಕೂ ಎರಡನೆಯದರಂತೆಯೇ ಕೊಡಿ, ಆದರೆ ದಟ್ಟ ನೆರಳಿನಲ್ಲಿಡಿ. ಮೂರು ವಾರದ ನಂತರ ಗಿಡಗಳನ್ನು ಜೋಪಾನವಾಗಿ ಕಿತ್ತು, ಬೇರು ತೊಳೆದು, ಬೇರು ಕಾಂಡ ಎರಡನ್ನೂ ಅಳೆದು ಬರೆದಿಡಿ.